ಕೂತಿದ್ದೀನಿ, ಡಾಕ್ಟರ್

ಟೆಲಿವಿಷನ್ನಿನಲ್ಲಿ ನಮ್ಮ ಕಪ್ಪು ಜನ ಸಾಯುವುದು ಯಾವಾಗಲೂ ಮೊದಲ ಜಾಹೀರಾತಿಗೆ ಮುಂಚೆ. ಇದನ್ನು ನನಗೆ ಹೇಳಿಕೊಟ್ಟವರು ನಟ ಐಸಾಯಾ ಪೆಟಿಗ್ರೂ. ಕೌಬಾಯ್ ಕಥೆಗಳಲ್ಲಿ ಗುಂಡೇಟು ತಿಂದು ಮಣ್ಣು ಮುಕ್ಕಿದವರು, ಪೊಲೀಸ್ ಕಥೆಗಳಲ್ಲಿ ಓಣಿಯೊಳಗೆ ಬೋರಲು ಬಿದ್ದವರು, ಯುದ್ಧದ ಕಥೆಗಳಲ್ಲಿ ಬಿಳಿಯ ಲೆಫ್ಟಿನೆಂಟನನ್ನು ಉಳಿಸಲು ಹೋಗಿ ಚೂರುಚೂರಾದವರು, ಎಲ್ಲ ಅವರೇ.

"ಅರ್ನೆಸ್ಟೀನ್, ನಾನು ಸತ್ತಷ್ಟು ಸಲ ಈ ಊರಲ್ಲಿ ಯಾರೂ ಸತ್ತಿಲ್ಲ ಕಣಮ್ಮಾ," ಎನ್ನುತ್ತಿದ್ದರು ನನ್ನ ಕುರ್ಚಿಯಲ್ಲಿ ಕೂತು. "ಒಂದೇ ಒಂದು ಸಲ ಸೋಪಿನ ಜಾಹೀರಾತು ನೋಡ್ಕೊಂಡು ಸಾಯೋಣ ಅಂದ್ರೆ, ಬಿಡಲ್ವೇ ಪಾಪಿಗಳು!"

ನಾನು ತಲೆಗೂದಲಿನ ಕೆಲಸದವಳು. ಲಾಸ್ ಏಂಜಲೀಸಿನ ಕ್ರೆನ್‌ಶಾ ರಸ್ತೆಯಲ್ಲಿ ನನ್ನದೊಂದು ಅಂಗಡಿ. ಅಲ್ಲಿಂದ ಬರ್ಬ್ಯಾಂಕಿನ ಸ್ಟುಡಿಯೋಗೆ ನನ್ನನ್ನು ಕರೆದುಕೊಂಡು ಹೋದವರೂ ಪೆಟಿಗ್ರೂ ಅವರೇ. ಆ ಸ್ಟುಡಿಯೋದ ಮೇಕಪ್ ಕೋಣೆಯಲ್ಲಿ ಬಿಳಿ ಮುಖಗಳಿಗೆಂದು ಡಬ್ಬಿಗಳು ಸಾಲುಸಾಲಾಗಿದ್ದವು. ನಮ್ಮ ಮುಖಕ್ಕೆ ಒಂದು ಡಬ್ಬಿ. ಅದನ್ನು ಹಚ್ಚಿದರೆ ಮನುಷ್ಯ ಆಗತಾನೇ ಪಾಲಿಶ್ ಮಾಡಿದ ಬೂಟಿನಂತೆ ಕಾಣುತ್ತಿದ್ದ. ಕೂದಲಿಗೆ ಅವರಲ್ಲಿದ್ದ ಬಾಚಣಿಗೆ ನಮ್ಮ ತಲೆಯೊಳಗೆ ಹೊಕ್ಕರೆ ಹಲ್ಲು ಮುರಿದುಕೊಂಡೇ ಹೊರಗೆ ಬರುತ್ತಿತ್ತು. ಹಾಗಾಗಿ ನಮ್ಮ ನಟರು ಮನೆಯಲ್ಲೇ ತಯಾರಾಗಿ, ಕಾರಿನ ಕನ್ನಡಿಯಲ್ಲಿ ಮುಖ ನೋಡಿಕೊಂಡು ಸ್ಟುಡಿಯೋಗೆ ಬರುತ್ತಿದ್ದರು. ಅದನ್ನು ಯಾರೂ ಅವಮಾನವೆಂದು ಕರೆಯುತ್ತಿರಲಿಲ್ಲ, ರೂಢಿ ಎನ್ನುತ್ತಿದ್ದರು. ಪೆಟಿಗ್ರೂ ಅವರು ಅದಕ್ಕೆ ಅವಮಾನವೆಂದೇ ಹೆಸರಿಟ್ಟು ಕರೆದರು. ನನ್ನ ತಲೆ ಮುಟ್ಟುವುದು ಅರ್ನೆಸ್ಟೀನ್ ಒಬ್ಬಳೇ, ಇಲ್ಲವಾದರೆ ಟೋಪಿ ಹಾಕಿಕೊಂಡೇ ನಟಿಸುತ್ತೇನೆ ಎಂದು ಹಟ ಹಿಡಿದರು. ಅವರದು ಆಗ ಆಸ್ಪತ್ರೆಯ ವಾರ್ಡಿನ ಆಳಿನ ಪಾತ್ರ, ಆಳು ಟೋಪಿ ಹಾಕುವುದಿಲ್ಲವಲ್ಲ. ಹೀಗೆ ನಾನು ಒಳಗೆ ಬಂದೆ.

ಪೆಟಿಗ್ರೂ ಅವರು ದಕ್ಷಿಣದ ಗಲ್ಫ್‌ಪೋರ್ಟಿನಲ್ಲಿ ಹುಟ್ಟಿದವರು. ನೌಕಾದಳದಲ್ಲಿ ಬಿಳಿಯ ಅಧಿಕಾರಿಗಳಿಗೆ ಊಟ ಬಡಿಸಿ, ಯುದ್ಧ ಮುಗಿದ ಮೇಲೆ ಲಾಸ್ ಏಂಜಲೀಸಿನಲ್ಲಿ ರೈಲಿಳಿದರು. ಬೆಳಗಿನ ಪಾಳಿಯಲ್ಲಿ ಅಂಚೆಕಚೇರಿಯಲ್ಲಿ ಕಾಗದ ವಿಂಗಡಿಸುವುದು, ಮಧ್ಯಾಹ್ನ ಸ್ಟುಡಿಯೋಗಳ ಬಾಗಿಲು ಕಾಯುವುದು. ಸಿಕ್ಕ ಪಾತ್ರಗಳಿಗೆ ಹೆಸರೇ ಇರುತ್ತಿರಲಿಲ್ಲ. ಲಿಫ್ಟ್ ನಡೆಸುವವ, ಎರಡನೆಯ ಕೈದಿ, ರೈಲಿನ ಹಮಾಲಿ. ಶನಿವಾರ ಮಾತ್ರ ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ನಾಟಕ ಓದುವ ಕೂಟ ಸೇರುತ್ತಿತ್ತು. ಅಲ್ಲಿ ಅವರು ರಾಜ, ಅಲ್ಲಿ ಅವರು ಸೇನಾಪತಿ, ಹಡಗಿನ ಕಪ್ತಾನ. ಪಕ್ಕದ ಅಡಿಗೆಕೋಣೆಯಲ್ಲಿ ಮೀನು ಕರಿಯುತ್ತಿದ್ದ ಹೆಂಗಸರು ಎಣ್ಣೆ ಸೀಯುತ್ತಿದ್ದುದನ್ನೂ ಮರೆತು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಈ ದೇಶ ತನ್ನ ಒಬ್ಬ ದೊಡ್ಡ ನಟನಿಗೆ ಕೊಟ್ಟ ರಂಗಮಂದಿರ ಅದು: ಮಡಚುವ ಕುರ್ಚಿಗಳು, ಸೋರುವ ಪೈಪು, ಕರಿದ ಮೀನಿನ ವಾಸನೆ.

ತಲೆ ನರೆಯತೊಡಗಿದ ಮೇಲೆ ಆಸ್ಪತ್ರೆಯ ಧಾರಾವಾಹಿಯಲ್ಲಿ ವಾರವಾರವೂ ಬರುವ ಪಾತ್ರ ಸಿಕ್ಕಿತು. ವಾರ್ಡಿನ ಆಳು ಅಮೋಸ್. ಗಾಲಿಕುರ್ಚಿ ತಳ್ಳುವುದು, ಹಾಸಿಗೆ ಬದಲಿಸುವುದು, ಮಹಾವೈದ್ಯರಿಗೆ "ಎಸ್ ಡಾಕ್ಟರ್" ಅನ್ನುವುದು. ಆದರೆ ಆ ಎರಡು ಪದಗಳನ್ನು ಅವರು ಹೇಳುತ್ತಿದ್ದ ಬಗೆ! ಒಂದು ವಾರ ಅದರಲ್ಲಿ ಅನುಮಾನ, ಒಂದು ವಾರ ಕರುಣೆ, ಒಂದು ವಾರ "ನಿನ್ನ ಯೋಗ್ಯತೆ ನನಗೆ ಗೊತ್ತು ಹೋಗಯ್ಯಾ." ಗುರುವಾರ ಸಂಜೆ ಧಾರಾವಾಹಿ ಬರುವ ಹೊತ್ತಿಗೆ ನನ್ನ ಅಂಗಡಿಯಲ್ಲಿ ಡ್ರೈಯರ್‌ಗಳನ್ನೆಲ್ಲ ಆರಿಸಿಬಿಡುತ್ತಿದ್ದೆವು. ಆ ಎರಡು ಪದ ಕೇಳಲೆಂದೇ ಹೆಂಗಸರು ಒದ್ದೆ ತಲೆಯಲ್ಲಿ ಕಾಯುತ್ತಿದ್ದರು.

ಈಗ ನಮ್ಮ ಕಸುಬಿನ ಒಂದು ವಿಷಯ ಹೇಳಬೇಕು. ಪರದೆಯ ಮೇಲೆ ಇಬ್ಬರು ಮಾತಾಡುವುದನ್ನು ನೀವು ನೋಡುತ್ತೀರಿ. ಚಿತ್ರೀಕರಣದಲ್ಲಿ ಒಂದು ಸಲಕ್ಕೆ ಒಂದೇ ಮುಖ. ಕ್ಯಾಮೆರಾ ಒಬ್ಬರ ಮುಖಕ್ಕೆ ಹತ್ತಿರ ಹೋದಾಗ ಇನ್ನೊಬ್ಬರು ಕ್ಯಾಮೆರಾದ ಪಕ್ಕ ನಿಂತು ತಮ್ಮ ಮಾತುಗಳನ್ನು ಹೇಳಬೇಕು. ತಾವು ಚಿತ್ರದಲ್ಲಿ ಕಾಣುವುದಿಲ್ಲ, ಆದರೂ ನಿಲ್ಲಬೇಕು, ಎದುರಿನವರ ಕಣ್ಣಿಗೆ ಒಂದು ಕಣ್ಣು ಬೇಕಲ್ಲ. ದೊಡ್ಡ ನಟರು ನಿಲ್ಲುವುದಿಲ್ಲ. ತಮ್ಮ ಮುಖ ಮುಗಿಯಿತೋ, ಸೀದಾ ಕಾರಿಗೆ. ಆಮೇಲೆ ಸ್ಕ್ರಿಪ್ಟ್ ನೋಡಿಕೊಳ್ಳುವ ಹುಡುಗಿ ಅವರ ಮಾತುಗಳನ್ನು ಬಸ್ಸಿನ ವೇಳಾಪಟ್ಟಿ ಓದಿದ ಹಾಗೆ ಓದುತ್ತಾಳೆ. ಸಣ್ಣ ನಟ ಆ ವೇಳಾಪಟ್ಟಿಗೆ ಎದುರಾಗಿ ಅಳಬೇಕು, ನಗಬೇಕು, ಪ್ರೀತಿಸಬೇಕು.

ನಮ್ಮ ಧಾರಾವಾಹಿಯ ಮಹಾವೈದ್ಯ ವಾರ್ಡ್ ಕಿನ್ಸೆಲ್. ಬೆಳ್ಳಿ ಕೂದಲು, ನೀಲಿ ಕಣ್ಣು, ಒಬ್ಬರಿಗಾಗಿಯೂ ಒಂದು ನಿಮಿಷ ನಿಂತವನಲ್ಲ. ಪೆಟಿಗ್ರೂ ಅವರು ಎಲ್ಲರಿಗಾಗಿಯೂ ನಿಂತರು. ನರ್ಸ್ ಪಾತ್ರಕ್ಕೆ ಇನೆಸ್ ಬಾಲ್ಡೊನಾಡೊ ಎಂಬ ಹುಡುಗಿ ಹೊಸದಾಗಿ ಬಂದ ದಿನ, ಕಿನ್ಸೆಲ್ ತನ್ನ ಮುಖ ಮುಗಿಸಿ ಹೊರಟುಹೋದ. ಹುಡುಗಿ ಸ್ಕ್ರಿಪ್ಟಿನ ಹಾಳೆಯನ್ನು ಮಡಚುತ್ತಾ ಬಿಚ್ಚುತ್ತಾ ನಿಂತಿದ್ದಳು. ಪೆಟಿಗ್ರೂ ಅವರು ಆ ಸೀನಿನಲ್ಲೇ ಇರಲಿಲ್ಲ, ನನ್ನ ಜೊತೆ ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಲೋಟ ನನ್ನ ಕೈಗೆ ಕೊಟ್ಟು ಹೋಗಿ ಕ್ಯಾಮೆರಾ ಪಕ್ಕ ನಿಂತರು.

"ನೋಡಮ್ಮಾ, ಈಗ ನಾನೇ ಬಿಳಿ ಡಾಕ್ಟರು," ಎಂದರು. "ನಗಬೇಡ. ಸಂಬಳ ಮಾತ್ರ ಅವರದ್ದು, ಮಾತು ನಂದು."

ಹುಡುಗಿ ನಕ್ಕಳು, ಹಾಳೆ ಬದಿಗಿಟ್ಟಳು, ಆಮೇಲೆ ಮೊದಲ ಸಲಕ್ಕೇ ಸೀನು ಮುಗಿಯಿತು.

ಸಾವಿರದ ಒಂಬೈನೂರ ಎಪ್ಪತ್ತೈದರ ವಸಂತದಲ್ಲಿ ಒಂದು ಸೋಮವಾರ ಹೊಸ ಕಂತಿನ ಸ್ಕ್ರಿಪ್ಟನ್ನು ಮೇಜಿನ ಸುತ್ತ ಕೂತು ಓದುತ್ತಿದ್ದರು. ಪ್ರತಿ ಸೋಮವಾರದ ಪದ್ಧತಿ ಅದು. ಕಥೆ ಇಷ್ಟು: ಔಷಧದ ಕಪಾಟಿನಿಂದ ಮಾರ್ಫಿನ್ ಕಾಣೆಯಾಗುತ್ತದೆ, ಎಲ್ಲರೂ ಅಮೋಸ್‌ನನ್ನು ಅನುಮಾನಿಸುತ್ತಾರೆ, ಅಮೋಸ್ ಮಹಾವೈದ್ಯರ ಮುಂದೆ ಮಂಡಿಯೂರಿ ಬೇಡಿಕೊಳ್ಳುತ್ತಾನೆ. ಮಹಾವೈದ್ಯರು ಕರುಣೆಯಿಂದ ಕೆಳಗೆ ನೋಡಿ "ಏಳು, ಅಮೋಸ್" ಎನ್ನುತ್ತಾರೆ. ಆಮೇಲೆ ನಿಜವಾದ ಕಳ್ಳನನ್ನು ಹಿಡಿಯುತ್ತಾರೆ.

ಪೆಟಿಗ್ರೂ ಅವರು ಆ ಪುಟಕ್ಕೆ ಬಂದರು. ಓದಲಿಲ್ಲ. ಕನ್ನಡಕ ತೆಗೆದರು.

"ಮಿಸ್ಟರ್ ಲೂಬೆಕ್, ಈ ಮನುಷ್ಯ ಮಂಡಿಯೂರಲ್ಲ."

ಗಾರ್ಡನ್ ಲೂಬೆಕ್ ನಿರ್ಮಾಪಕ. ಒಳ್ಳೆಯವನೆಂದು ಹೆಸರು ಮಾಡಿದ್ದ. ನಮ್ಮ ಜನರ ಹಕ್ಕಿನ ಮೆರವಣಿಗೆಗಳಿಗೆ ಚಂದಾ ಕೊಡುತ್ತಿದ್ದ.

"ಐಸಾಯಾ, ಇದು ಅಳಿಸೋ ಸೀನು ಕಣಯ್ಯಾ. ಇಡೀ ದೇಶ ನಿನ್ನ ಜೊತೆ ಅಳುತ್ತೆ."

"ಕದ್ದಿಲ್ಲದವನು ಯಾಕೆ ಸರ್ ಬೇಡ್ಕೋಬೇಕು?"

"ಹೆದರಿದ್ದಾನೆ ಅಂತ."

"ಹೆದರಿದ್ದಾನೆ, ಸರಿ. ಹೆದರಿಕೇನ ನಿಂತ್ಕೊಂಡೇ ಮಾಡಿ ತೋರಿಸ್ತೀನಿ. ನಲವತ್ತು ವರ್ಷದಿಂದ ಅದೇ ಅಭ್ಯಾಸ."

ಯಾರೋ ನಕ್ಕರು. ಲೂಬೆಕ್ ನಗಲಿಲ್ಲ. "ಬರೆದಿದ್ದು ಬರೆದ ಹಾಗೆ. ಇಲ್ಲಾಂದ್ರೆ ಮುಂದಿನ ಕಂತಲ್ಲಿ ಅಮೋಸ್ ಬಸ್ ಕೆಳಗೆ. ನಿಂಗೇ ಬಿಟ್ಟಿದ್ದು."

ಅಳಿಸುವ ಸೀನು! ನಮ್ಮ ಮಂಡಿ ಸವೆದು ಅವರ ಕರ್ಚೀಫು ಒದ್ದೆಯಾಗುವ ಸೀನು. ಈ ದೇಶಕ್ಕೆ ನಮ್ಮ ಮೇಲೆ ಮರುಕ ಹುಟ್ಟಬೇಕಾದರೆ ನಾವು ಮೊದಲು ಕೆಳಗಿಳಿಯಬೇಕು. ನೆಟ್ಟಗೆ ನಿಂತವನ ಮೇಲೆ ಮರುಕ ಹುಟ್ಟುವುದಿಲ್ಲ, ಅವನಿಗೆ ನ್ಯಾಯ ಕೊಡಬೇಕಾಗುತ್ತದೆ. ನ್ಯಾಯ ದುಬಾರಿ, ಕಣ್ಣೀರು ಪುಕ್ಕಟೆ.

ಮಾರನೆಯ ದಿನ ಕಾಯಿಸಿದ ಬಾಚಣಿಗೆಯಿಂದ ಪೆಟಿಗ್ರೂ ಅವರ ತಲೆ ಬಾಚುತ್ತಾ ನಾನು ಕಿಡಿಕಾರಿದೆ. "ಬಿಟ್ಟು ಬಂದ್ಬಿಡಿ ಮಿಸ್ಟರ್ ಪೆಟಿಗ್ರೂ. ಮುಖಕ್ಕೆ ಬಿಸಾಕಿ ಬನ್ನಿ."

"ಬಂದ್ಬಿಡಬಹುದು. ನನ್ನ ಜಾಗಕ್ಕೆ ಇನ್ನೊಬ್ಬನ್ನ ತರ್ತಾರೆ. ಅವನೂ ಪಾಪ ನನ್ನ ಹಾಗೇ ಎರಡನೇ ಕೈದಿ ಮಾಡಿ ಮಾಡಿ ಸಾಕಾಗಿರೋನು. ಅವನು ಮಂಡಿಯೂರ್ತಾನೆ. ನಾನೇ ಊರಿದ್ರೇನು, ಅವನು ಊರಿದ್ರೇನು? ಗುರುವಾರ ನಿನ್ನ ಅಂಗಡೀಲಿ ಕಾಣೋದು ಅಮೋಸ್ ತಾನೇ?" ಕನ್ನಡಿಯಲ್ಲಿ ನನ್ನನ್ನೇ ನೋಡಿದರು. "ಅಮೋಸ್‌ನ ನೆಲದ ಮೇಲೆ ಬಿಟ್ಟು ನಾನೊಬ್ಬ ಮರ್ಯಾದೆಯಿಂದ ಮನೆಗೆ ಹೋಗ್ಲಾ?"

"ಹಾಗಾದ್ರೆ ಏನ್ಮಾಡ್ತೀರಿ?"

"ಗೊತ್ತಿಲ್ಲ ಕಣಮ್ಮಾ. ಕಿವಿ ಸುಡ್ತಿದೆ, ಆ ಬಾಚಣಿಗೆ ಮೊದ್ಲು ಆಚೆ ತೆಗಿ."

ಶುಕ್ರವಾರ ಆ ಸೀನು. ನಿರ್ದೇಶಕ ನೀಲ್ ಓಸ್ಟ್ರಮ್ ಎಂಬ ಎಳೆಯ. ಅವನ ಮೊದಲ ಕಂತು, ಎದೆಯುರಿಯ ಮಾತ್ರೆಗಳನ್ನು ಕಡಲೆಯಂತೆ ಅಗಿಯುತ್ತಿದ್ದ. ಕಿನ್ಸೆಲ್‌ಗೆ ಮಧ್ಯಾಹ್ನದೊಳಗೆ ಹೊರಡಬೇಕಿತ್ತು. ಮೆಕ್ಸಿಕೋ ಕಡಲಿನಲ್ಲಿ ದೋಣಿ ಕಾಯುತ್ತಿತ್ತು, ಎರಡು ವಾರ ಮೀನು ಬೇಟೆ. ಹಾಗಾಗಿ ಇಬ್ಬರೂ ಒಟ್ಟಿಗೆ ಕಾಣುವ ಶಾಟ್ ಬಿಟ್ಟು, ಮೊದಲು ಕಿನ್ಸೆಲ್‌ನ ಮುಖ ತೆಗೆಯುವುದೆಂದಾಯಿತು. ಉಳಿದದ್ದನ್ನು ಅವನಂತೆ ಕೋಟು ತೊಟ್ಟ ಬದಲಿಯವನ ಬೆನ್ನು ತೋರಿಸಿ ಮುಗಿಸಿದರಾಯಿತು.

ಎಂದಿನಂತೆ ಪೆಟಿಗ್ರೂ ಅವರು ಕ್ಯಾಮೆರಾದ ಪಕ್ಕ ಬಂದರು.

"ಮಿಸ್ಟರ್ ಕಿನ್ಸೆಲ್ ಕೆಳಗೆ ನೋಡಬೇಕಲ್ಲ," ಓಸ್ಟ್ರಮ್ ತಡವರಿಸಿದ. "ನೀವು ಸ್ವಲ್ಪ... ತಗ್ಗಿನಲ್ಲಿ ಇದ್ರೆ..."

"ಅವರ ಮಂಡೀನ ಇಲ್ಲೂ ಸವೆಸಬೇಡಪ್ಪಾ," ಎಂದ ಕ್ಯಾಮೆರಾ ನಡೆಸುವ ಗಸ್. ಅವನು ಒಂದು ಮರದ ಪೆಟ್ಟಿಗೆಯನ್ನು ಕಾಲಿನಿಂದ ನೂಕಿದ. ಸೆಟ್ಟಿನಲ್ಲಿ ನಿಲ್ಲಲು, ಕೂರಲು, ದೀಪ ಇಡಲು ಎಲ್ಲದಕ್ಕೂ ಬಳಸುವ ಪೆಟ್ಟಿಗೆ. ಪೆಟಿಗ್ರೂ ಅವರು ಅದರ ಮೇಲೆ ಕೂತು, ಕ್ಯಾಮೆರಾಕ್ಕೆ ಕಾಣದ ಜಾಗದಿಂದ, ಅಮೋಸ್‌ನ ಬೇಡಿಕೆಯ ಮಾತುಗಳನ್ನು ಒಂದೂ ಬಿಡದೆ ಹೇಳಿದರು. ಇನ್ನೊಬ್ಬನ ನಟನೆಗೆ ಬೇಕಾದದ್ದನ್ನು ಅವರು ಎಂದೂ ಕದ್ದವರಲ್ಲ. ಕಿನ್ಸೆಲ್ ಕೆಳಗೆ ನೋಡಿ, ನೀಲಿ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ:

"ಏಳು, ಅಮೋಸ್... ಏಳು ಅಂದೆನಲ್ಲ... ನಾನಿದ್ದೀನಿ. ನಾನು ನೋಡ್ಕೋತೀನಿ."

ಚೆನ್ನಾಗಿಯೇ ಹೇಳಿದ. ಹೇಳಿ, ಕೋಟು ಬಿಚ್ಚಿ, ಯಾರಿಗೂ ಒಂದು ಮಾತೂ ಇಲ್ಲದೆ ದೋಣಿಗೆ ಹೊರಟ.

ಎಲ್ಲರೂ ಊಟಕ್ಕೆ ಎದ್ದರು. ಪೆಟಿಗ್ರೂ ಅವರು ಪೆಟ್ಟಿಗೆಯಿಂದ ಏಳಲಿಲ್ಲ. ಕಿನ್ಸೆಲ್‌ನ ಮುಖ ಇದ್ದ ಕಡೆಗೊಮ್ಮೆ ನೋಡಿದರು. ತಾವು ಕೂತ ಪೆಟ್ಟಿಗೆಯನ್ನು ಕೈಯಿಂದ ತಟ್ಟಿ ನೋಡಿದರು.

"ಗಸ್, ಕಿನ್ಸೆಲ್ ಎಲ್ಲಿ ನೋಡ್ತಿದ್ದ?"

"ಇನ್ನೆಲ್ಲಿ, ನಿನ್ನ ಕಣ್ಣನ್ನೇ."

"ನಾನು ಮಂಡಿಯೂರಿದ್ನಾ?"

"ಇಲ್ಲ, ಕೂತಿದ್ದೆ..." ಗಸ್‌ನ ಬಾಯಿಯೊಳಗಿನ ಸ್ಯಾಂಡ್‌ವಿಚ್ ಅಲ್ಲೇ ನಿಂತಿತು. "ಅಯ್ಯೋ ದೇವರೇ. ಐಸಾಯಾ!"

"ಮಂಡಿಯೂರಿದವನ ಕಣ್ಣೂ ಕೂತವನ ಕಣ್ಣೂ ಒಂದೇ ಎತ್ತರದಲ್ಲಿ ಬರುತ್ತೆ. ಅಲ್ವಾ?"

"ಹೆಚ್ಚುಕಮ್ಮಿ ಒಂದೇ. ಎರಡು ಶಾಟ್ ಜೋಡಿಸಿದ್ರೆ ದೇವರಿಗೂ ಗೊತ್ತಾಗಲ್ಲ."

"ಹಾಗಾದ್ರೆ ಊಟ ಮಾಡೋಣ," ಎಂದು ಎದ್ದರು.

ಮಧ್ಯಾಹ್ನ ಅವರ ಮುಖದ ಸರದಿ. ಕಿನ್ಸೆಲ್‌ನ ಮಾತು ಓದಲು ಸ್ಕ್ರಿಪ್ಟಿನ ಹುಡುಗಿ ಕನ್ನಡಕ ಹುಡುಕುತ್ತಿದ್ದಳು. ಅಷ್ಟರಲ್ಲಿ ಇನೆಸ್ ಒಳಗೆ ಬಂದಳು. ಅವಳಿಗೆ ಆ ದಿನ ಕೆಲಸವಿರಲಿಲ್ಲ. ಜೀನ್ಸ್, ಅಣ್ಣನದೋ ಯಾರದೋ ದೊಗಳೆ ಅಂಗಿ.

"ಮಿಸ್ಟರ್ ಪೆಟಿಗ್ರೂ, ಇವತ್ತು ನಾನೇ ಬಿಳಿ ಡಾಕ್ಟರು."

"ನಗಿಸಬೇಡ ಮಗಳೇ, ಮೇಕಪ್ ಒಡೆಯುತ್ತೆ. ಅರ್ನೆಸ್ಟೀನ್ ನನ್ನ ಕೊಲ್ತಾಳೆ."

ಸೆಟ್ಟಿನಲ್ಲಿ ಮಹಾವೈದ್ಯರ ಕೋಣೆ. ಮೇಜು, ಮೇಜಿನ ಈಚೆ ದೊಡ್ಡವರು ಬಂದರೆ ಕೂರಲೆಂದು ಇಟ್ಟ ಚರ್ಮದ ಕುರ್ಚಿ. ಇಷ್ಟು ವರ್ಷ ಆ ಕುರ್ಚಿಯನ್ನು ಅಮೋಸ್ ಒರೆಸಿದ್ದ, ಅದರಲ್ಲಿ ಕೂತವನಲ್ಲ. ಕ್ಯಾಮೆರಾ ಓಡತೊಡಗಿತು. ಅಮೋಸ್ ಬಾಗಿಲಿನಿಂದ ಒಳಗೆ ಬಂದ. ಗುರುತು ಹಾಕಿದ ಜಾಗಕ್ಕೆ ಬಂದು ನಿಂತ. ಅವನ ಮಂಡಿ ಬಾಗತೊಡಗಿತು. ಬಾಗಿದ ಮಂಡಿ ಹಾಗೇ ಹಿಂದಕ್ಕೆ ಸರಿಯಿತು. ಅಮೋಸ್ ಆ ಚರ್ಮದ ಕುರ್ಚಿಯಲ್ಲಿ ಕೂತ. ಬೆನ್ನು ನೆಟ್ಟಗೆ, ಎರಡು ಕೈ ಕುರ್ಚಿಯ ಎರಡು ತೋಳಿನ ಮೇಲೆ. ಚರ್ಚಿನ ನೆಲಮಾಳಿಗೆಯಲ್ಲಿ ರಾಜನಾಗಿ ಕೂರುತ್ತಿದ್ದರಲ್ಲ, ಥೇಟ್ ಹಾಗೆ.

"ನಾನು ಕದ್ದಿಲ್ಲ, ಡಾಕ್ಟರ್."

ಬೇಡಿಕೆಯ ಅಷ್ಟುದ್ದ ಮಾತಿನಲ್ಲಿ ಅವರು ಇಟ್ಟುಕೊಂಡದ್ದು ಅಷ್ಟೇ. ಇನೆಸ್‌ಗೆ ಏನೂ ಹೇಳಿರಲಿಲ್ಲ. ಆದರೂ ಅವಳು ಒಂದು ಕ್ಷಣವೂ ತಪ್ಪಲಿಲ್ಲ.

"ಏಳು, ಅಮೋಸ್."

ಅಮೋಸ್ ಏಳಲಿಲ್ಲ. ಅವರ ಮುಖದಲ್ಲಿ ಹೆದರಿಕೆ ಬಂತು. ನಿಜವಾದ ಹೆದರಿಕೆ, ಕೆಲಸ ಹೋಗುವವನ ಹೆದರಿಕೆ. ಅದನ್ನು ಅವರು ಮುಚ್ಚಲಿಲ್ಲ. ಹೆದರಿಕೆ ಬಂತು, ಕೂತಿತು, ಅವರ ಜೊತೆಗೇ ಅದೇ ಕುರ್ಚಿಯಲ್ಲಿ ಕೂತಿತು.

"ಏಳು ಅಂದೆನಲ್ಲ."

"ಕೂತಿದ್ದೀನಿ, ಡಾಕ್ಟರ್. ಏನು ಕೇಳಬೇಕೋ ಕೇಳಿ."

ಇನೆಸ್ ಒಂದು ಹೆಜ್ಜೆ ಮುಂದೆ ಬಂದಳು. "ನಾನಿದ್ದೀನಿ," ಎಂದಳು. "ನಾನು ನೋಡ್ಕೋತೀನಿ."

ಕಟ್ ಎನ್ನಬೇಕಾದ ಓಸ್ಟ್ರಮ್ ಬಾಯಿ ತೆರೆದು ನಿಂತಿದ್ದ. ಗಸ್ ಕ್ಯಾಮೆರಾ ನಿಲ್ಲಿಸಲೇ ಇಲ್ಲ. ಕೊನೆಗೆ ಮೇಲಿನ ಅಟ್ಟಣಿಗೆಯಿಂದ ದೀಪದವನೊಬ್ಬ ಜೋರಾಗಿ ಸಿಳ್ಳೆ ಹೊಡೆದ. ಕಂತುಗಟ್ಟಲೆ ತೆಗೆದರೂ ಅಟ್ಟಣಿಗೆಯವರು ನಿದ್ದೆಯಿಂದೇಳುವುದು ಸಂಬಳದ ದಿನ ಮಾತ್ರ.

ಸುದ್ದಿ ಮುಟ್ಟಿ ಲೂಬೆಕ್ ಓಡಿಬಂದ. "ಮತ್ತೆ ತೆಗೀರಿ! ಬರೆದ ಹಾಗೆ!"

"ಮಾಡಲ್ಲ," ಎಂದರು ಪೆಟಿಗ್ರೂ. ಇನ್ನೂ ಕುರ್ಚಿಯಲ್ಲೇ ಇದ್ದರು.

"ಕಿನ್ಸೆಲ್ ಶಾಟ್‌ಗೆ ಇದು ಹೊಂದಲ್ಲ ಕಣಯ್ಯಾ!"

"ಹೊಂದುತ್ತೆ," ಎಂದ ಗಸ್, ಲೆನ್ಸ್ ಒರೆಸುತ್ತಾ.

"ನಿನ್ನ ಯಾರು ಕೇಳಿದ್ರು?"

"ಯಾರೂ ಇಲ್ಲ. ಸುಮ್ನೆ ಗಾಳಿಗೆ ಹೇಳಿದೆ."

ಲೂಬೆಕ್ ಎಳೆಯ ನಿರ್ದೇಶಕನ ಕಡೆ ತಿರುಗಿದ. ಓಸ್ಟ್ರಮ್ ಮಾತ್ರೆಯ ಡಬ್ಬಿ ತೆರೆದ. ಅವನು ಒಂದು ಮಾತ್ರೆ ನುಂಗಿ, ಕಷ್ಟಪಟ್ಟು, "ನನಗೆ ಈ ಶಾಟ್ ಸಾಕು ಸರ್," ಎಂದ. ಆ ಹುಡುಗನಿಗೆ ಆ ಸ್ಟುಡಿಯೋದಲ್ಲಿ ಮತ್ತೆ ಕೆಲಸ ಸಿಗಲಿಲ್ಲವೆಂದು ಆಮೇಲೆ ಕೇಳಿದೆ. ಅವನ ಹೆಸರನ್ನು ಇಲ್ಲಿ ಬರೆದಿರುವುದು ಅದಕ್ಕೇ.

ಕಿನ್ಸೆಲ್ ಕಡಲಿನಲ್ಲಿದ್ದ. ಆ ಕೋಣೆಯ ಸೆಟ್ಟನ್ನು ಸಂಜೆಗೇ ಬಿಚ್ಚಿ ಬೇರೆ ಕಂತಿಗೆ ನ್ಯಾಯಾಲಯ ಕಟ್ಟಬೇಕಿತ್ತು. ಮಂಡಿಯೂರಬೇಕಾದವನು ಊರುವುದಿಲ್ಲ ಎನ್ನುತ್ತಾನೆ. ಲೂಬೆಕ್ ಸೋತ. ಸೋತವನು ಕೊನೆಗೊಂದು ಮಾತು ಹೇಳಲೇಬೇಕಲ್ಲ.

"ಅಮೋಸ್ ಕಥೆ ಮುಗೀತು, ಐಸಾಯಾ."

"ಮುಗಿಸಿ ಸರ್. ಇವತ್ತಿನದ್ದು ಮಾತ್ರ ಹೀಗೇ ಇರಲಿ."

ಪ್ರಸಾರವಾದ ಗುರುವಾರ ನನ್ನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾಮಾನ್ಯವಾಗಿ ತಮ್ಮನ್ನು ತಾವೇ ನೋಡಲು ಒಪ್ಪದ ಪೆಟಿಗ್ರೂ ಅವರು ಆ ದಿನ ಬಾಗಿಲ ಹತ್ತಿರ ಹ್ಯಾಟು ಹಿಡಿದು ನಿಂತಿದ್ದರು. ಚರ್ಚಿನ ಹಿರಿಯಳು ಲವಿನಿಯಾ ಓಟ್ಸ್, ತಲೆ ತುಂಬಾ ಸುರುಳಿಗಳೊಂದಿಗೆ, ಟಿವಿಯ ಎದುರಿನ ಕುರ್ಚಿಯನ್ನು ಮಧ್ಯಾಹ್ನದಿಂದಲೇ ಹಿಡಿದಿದ್ದಳು. ಮಾರ್ಫಿನ್ ಕಾಣೆಯಾಯಿತು.

"ಈಗ ನೋಡ್ರೇ, ನಮ್ಮವನ ಮೇಲೇ ಹೊರಿಸ್ತಾರೆ," ಎಂದಳು ಲವಿನಿಯಾ. ಹೊರಿಸಿದರು. ಅಮೋಸ್ ಕೋಣೆಗೆ ಬಂದ. ಕೂತ.

ಆಮೇಲೆ ಕಿನ್ಸೆಲ್‌ನ ಮುಖ. ಕರುಣೆಯಿಂದ ಹೇಳಿದ ಅದೇ ಮಾತು, ಅದೇ ನೀಲಿ ಕಣ್ಣು, ಅದೇ ನೀರು. ಆದರೆ ಈಗ ಆ ಕಣ್ಣು ನೋಡುತ್ತಿದ್ದುದು ಕುರ್ಚಿಯಲ್ಲಿ ಕೂತ ಒಬ್ಬ ಕಪ್ಪು ಮನುಷ್ಯನನ್ನು. "ಏಳು, ಅಮೋಸ್." ಆ ಮಾತು ನಮ್ಮ ಅಂಗಡಿಯಲ್ಲಿ ಯಾರಿಗೆ ಗೊತ್ತಿರಲಿಲ್ಲ? ಬಿಳಿಯರ ಬಾಯಿಂದ ಬಸ್ಸಿನಲ್ಲಿ ಕೇಳಿದ್ದೆವು, ಹೋಟೆಲಿನಲ್ಲಿ ಕೇಳಿದ್ದೆವು, ರೈಲುನಿಲ್ದಾಣದ ಬೆಂಚಿನ ಮೇಲೆ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕೇಳಿದ್ದೆವು.

"ಏಳ್ಬೇಡ್ವೋ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಏಳು ಅಂದೆನಲ್ಲ," ಎಂದಿತು ಟಿವಿ.

"ಕೂತಿದ್ದೀನಿ, ಡಾಕ್ಟರ್. ಏನು ಕೇಳಬೇಕೋ ಕೇಳಿ."

ಅಂಗಡಿಯಲ್ಲಿ ಒಂದೇ ಸಲಕ್ಕೆ ಕೂಗು, ಚಪ್ಪಾಳೆ, ಅಳು. ಒಬ್ಬಳು ಬಾಚಣಿಗೆಯನ್ನು ಮೇಲಕ್ಕೆ ಎಸೆದಳು, ಅದು ನನ್ನ ಎಣ್ಣೆಯ ಬಟ್ಟಲೊಳಗೆ ಬಿತ್ತು. ತಿರುಗಿ ನೋಡಿದರೆ ಪೆಟಿಗ್ರೂ ಅವರು ಹ್ಯಾಟಿನಿಂದ ಮುಖ ಮುಚ್ಚಿಕೊಂಡಿದ್ದರು.

ಗದ್ದಲ ತಗ್ಗಿದ ಮೇಲೆ ನಾನು ಕೆಲಸಕ್ಕೆ ಮರಳಿದೆ. "ಲವಿನಿಯಾ, ನಿಂದಾಯ್ತು, ಏಳೇ."

"ಕೂತಿದ್ದೀನಿ, ಡಾಕ್ಟರ್," ಎಂದಳು ಮುದುಕಿ, ಕಾಲಮೇಲೆ ಕಾಲು ಹಾಕಿ. "ಏನು ಕೇಳ್ಬೇಕೋ ಕೇಳು."

ಆ ಬೇಸಗೆಯಿಡೀ ನನ್ನ ಅಂಗಡಿಯಲ್ಲಿ ಯಾರೊಬ್ಬರನ್ನೂ ಕುರ್ಚಿಯಿಂದ ಏಳಿಸಲಾಗಲಿಲ್ಲ.

ಲೂಬೆಕ್ ಮಾತು ಉಳಿಸಿಕೊಂಡ. ಮುಂದಿನ ಕಂತಿನಲ್ಲೇ ಅಮೋಸ್ ಬಸ್ಸಿಗೆ ಸಿಕ್ಕಿ ಸತ್ತ. ಸಾವನ್ನು ತೋರಿಸುವ ಮರ್ಯಾದೆಯನ್ನೂ ಕೊಡಲಿಲ್ಲ. ನರ್ಸ್ ಮಹಾವೈದ್ಯರಿಗೆ ಸುದ್ದಿ ಹೇಳುತ್ತಾಳೆ, ಅಷ್ಟೇ. ಮೀನು ಬೇಟೆಯಿಂದ ಮರಳಿದ್ದ ಕಿನ್ಸೆಲ್ ಆ ದಿನವೂ ತನ್ನ ಮುಖ ಮುಗಿಸಿ ಹೊರಟುಹೋದ. ಇನೆಸ್ ಕ್ಯಾಮೆರಾದ ಎದುರು ಒಬ್ಬಳೇ ನಿಂತಳು, ಕಣ್ಣಾಗಲೇ ಕೆಂಪು. ನನ್ನ ಬಾಚಣಿಗೆಗಳನ್ನು ಕಟ್ಟಿಕೊಂಡು ಹೋಗಲು ಬಂದಿದ್ದ ನಾನು ಮೂಲೆಯಲ್ಲಿದ್ದೆ.

ಸೆಟ್ಟಿನ ಭಾರಿ ಬಾಗಿಲು ಸರಿಯಿತು. ಪೆಟಿಗ್ರೂ ಅವರು ಭಾನುವಾರದ ಸೂಟಿನಲ್ಲಿ ಬಂದರು. ಅವರ ಹೆಸರು ಆಗಲೇ ಕೆಲಸದವರ ಪಟ್ಟಿಯಿಂದ ಹೋಗಿತ್ತು, ಗೇಟಿನ ಕಾವಲುಗಾರ ಮಾತ್ರ ಎಂದಿನಂತೆ ಹ್ಯಾಟೆತ್ತಿ ಒಳಗೆ ಬಿಟ್ಟಿದ್ದ.

"ನೀವ್ಯಾಕೆ ಬಂದ್ರಿ?" ಇನೆಸ್ ಬಿಕ್ಕಿದಳು.

"ಸಾಯ್ತಿರೋನು ನಾನು, ನಾನೇ ಇಲ್ದಿದ್ರೆ ಹ್ಯಾಗಮ್ಮಾ?" ಗಸ್ ಆಗಲೇ ಪೆಟ್ಟಿಗೆ ನೂಕಿದ್ದ. ಅವರು ಪ್ಯಾಂಟಿನ ಮಡಿಕೆ ಕೆಡದಂತೆ ಎಚ್ಚರಿಕೆಯಿಂದ ಕೂತರು. ಕೂತು, ಸ್ಕ್ರಿಪ್ಟಿನ ಹುಡುಗಿಯ ಕೈಯಿಂದ ಹಾಳೆ ತೆಗೆದುಕೊಂಡು ನೋಡಿದರು. ಮುಖ ಅರಳಿತು.

"ಅರ್ನೆಸ್ಟೀನ್! ನೋಡಿದ್ಯಾ? ಈ ಸಲ ಸಾಯೋದು ಎರಡನೇ ಜಾಹೀರಾತು ಆದ್ಮೇಲೆ!"

ಆಮೇಲೆ ಹುಡುಗಿಯ ಕಡೆ ತಿರುಗಿ, ಕಿನ್ಸೆಲ್‌ಗೆ ಎಂದೂ ಬಾರದ ಮೆಲುದನಿಯಲ್ಲಿ, ಡಾಕ್ಟರನ ಮೊದಲ ಮಾತನ್ನು ಹೇಳಿದರು:

"ಏನಾಯ್ತು ನರ್ಸ್? ಅಮೋಸ್ ಎಲ್ಲಿ?"

ಇನೆಸ್ ಅವರನ್ನೇ ನೋಡಿದಳು, ಕಣ್ಣು ಕೆಳಗೆ, ಪೆಟ್ಟಿಗೆಯ ಎತ್ತರಕ್ಕೆ. ನೋಡಿ, ಹೇಳಿದಳು.